ಬೂದಿಯಿಂದ ಹೊರತೆಗೆದ ಮನೆಯೇ ಮ್ಯೂಸಿಯಂ: ಹೇಮಾಯ್ ದ್ವೀಪದಲ್ಲಿ ಏನೇನು ನೋಡಬಹುದು?

ಮಲ್ಪೆಯಿಂದ ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿನ ಕಂಬದಂಥ ಬಂಡೆಗಳ ಮುಂದೆ ಸೆಲ್ಫಿ ತಗೊಂಡೇ ಇರ್ತೀರಿ. ಅದು ಕೋಟ್ಯಂತರ ವರ್ಷಗಳ ಹಿಂದೆ ತಣ್ಣಗಾದ ಲಾವಾ. ಇವತ್ತು ನಾನು ಹೇಳೋ ದ್ವೀಪದಲ್ಲಿ ಲಾವಾ ಉಕ್ಕಿದ್ದು 1973ರಲ್ಲಿ. ಆಗ ಮನೆ ಕಳೆದುಕೊಂಡ ಎಷ್ಟೋ ಜನ ಇನ್ನೂ ನಮ್ಮ ನಡುವೆ ಇದ್ದಾರೆ.

ಐಸ್‌ಲ್ಯಾಂಡ್‌ನ ದಕ್ಷಿಣಕ್ಕಿರುವ ಈ ದ್ವೀಪದ ಹೆಸರು ಹೇಮಾಯ್. ಮೀನುಗಾರರ ಊರು. 1973ರ ಜನವರಿ 23, ರಾತ್ರಿ ಸುಮಾರು 2 ಗಂಟೆ. ಊರಿನ ಅಂಚಲ್ಲೇ ನೆಲ ಸೀಳಿ ಬೆಂಕಿ ಚಿಮ್ಮಿತು. ಹಿಂದಿನ ದಿನ ಬಿರುಗಾಳಿ ಇದ್ದಿದ್ದರಿಂದ ಮೀನುಗಾರಿಕೆ ಬೋಟ್‌ಗಳೆಲ್ಲ ಬಂದರಿನಲ್ಲೇ ನಿಂತಿದ್ದವು. ಅದೇ ಜನರನ್ನು ಉಳಿಸಿದ್ದು. ಸುಮಾರು 5,300 ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬೆಳಗಾಗುವಷ್ಟರಲ್ಲಿ ದ್ವೀಪ ಬಿಟ್ಟಿದ್ದರು. ಮನೆಗಳು ಮಾತ್ರ ಉಳಿಯಲಿಲ್ಲ. ಸುಮಾರು 400 ಮನೆಗಳು ಸುಟ್ಟವು, ಇಲ್ಲವೇ ಲಾವಾ, ಬೂದಿಯಡಿ ಹೂತುಹೋದವು.

ಅಂಥ ಒಂದು ಮನೆಯನ್ನು ಮುಂದೆ ಬೂದಿ ಅಗೆದು ಹೊರತೆಗೆದರು. ಅದರ ಸುತ್ತಲೇ ಕಟ್ಟಡ ಕಟ್ಟಿ 2014ರಲ್ಲಿ ತೆರೆದ ಮ್ಯೂಸಿಯಂ ‘ಎಲ್ಡ್‌ಹೇಮರ್’. ಕುಸಿದ ಗೋಡೆ, ಒಳಗೆ ನುಗ್ಗಿದ ಬೂದಿ, ಬಿಟ್ಟುಹೋದ ಮನೆ ಸಾಮಾನು ಹಾಗೇ ಇವೆ. ಕೈಗೆ ಆಡಿಯೊ ಗೈಡ್ ಕೊಡ್ತಾರೆ, ಆ ರಾತ್ರಿಯ ಕಥೆ ಕೇಳ್ತಾ ನಡೀಬಹುದು.

ನನಗೆ ಇಲ್ಲೊಂದು ಅಳುಕು ಇತ್ತು. ಒಬ್ಬರು ಬಾಳಿದ ಮನೆಯನ್ನ ಟಿಕೆಟ್ ಕೊಟ್ಟು ನೋಡೋದು ಸರಿನಾ? ಆದರೆ ಊರಿನವರೇ ತಮ್ಮ ಕಥೆ ಹೀಗೆ ಉಳೀಲಿ ಅಂತ ಮಾಡಿಕೊಂಡ ಜಾಗ ಇದು. ಮಾತು ಕಡಿಮೆ ಮಾಡಿ, ಯಾರದೋ ಮನೆಗೆ ಹೋದ ಹಾಗೆ ಹೋಗಿ. ಅಷ್ಟು ಸಾಕು.

ಅಲ್ಲೇ ಮೇಲ್ಮಹಡಿಯಲ್ಲಿ ಸುರ್ಟ್ಸೇ ದ್ವೀಪದ ಪ್ರದರ್ಶನ ಇದೆ. 1963ರಲ್ಲಿ ಸಮುದ್ರದೊಳಗಿಂದ ಎದ್ದು ಬಂದ ದ್ವೀಪ ಅದು, 2008ರಿಂದ ವಿಶ್ವ ಪರಂಪರೆ ತಾಣ. ಬರಿ ಬಂಡೆಯ ಮೇಲೆ ಜೀವ ಹೇಗೆ ನೆಲೆಯೂರುತ್ತೆ ಅಂತ ವಿಜ್ಞಾನಿಗಳು ನೋಡ್ತಿರೋದರಿಂದ ಪ್ರವಾಸಿಗರಿಗೆ ಪ್ರವೇಶ ಇಲ್ಲ. ನಮಗೆಲ್ಲ ಈ ಪ್ರದರ್ಶನವೇ ಗತಿ.

ಆಮೇಲೆ ಬಂದರಿನ ಕಡೆ ಇಳೀರಿ. ಲಾವಾ ಬಂದರಿನ ಬಾಯನ್ನೇ ಮುಚ್ಚೋ ಹಾಗಾದಾಗ ತಿಂಗಳುಗಟ್ಟಲೆ ಸಮುದ್ರದ ನೀರು ಪಂಪ್ ಮಾಡಿ ಅದನ್ನ ತಣಿಸಿದರು. ತಣ್ಣಗಾದ ಲಾವಾ ಗಟ್ಟಿಯಾಗಿ, ಹಿಂದೆ ಬರ್ತಿದ್ದ ಲಾವಾಗೆ ತಾನೇ ಒಡ್ಡಾಯ್ತು. ಬಂದರು ಉಳೀತು, ಮೊದಲಿಗಿಂತ ಹೆಚ್ಚು ರಕ್ಷಣೆಯೂ ಸಿಕ್ತು. ಬಂದರು ಇಲ್ಲದೆ ಮೀನುಗಾರರು ವಾಪಸ್ ಬಂದು ಮಾಡೋದಾದ್ರೂ ಏನಿತ್ತು? ಜುಲೈ ಹೊತ್ತಿಗೆ ಸ್ಫೋಟ ನಿಂತಿತು, ಬಹುಪಾಲು ಜನ ಮರಳಿದರು.

ಇನ್ನೂ ಟೈಮ್ ಇದ್ದರೆ ‘ಸಾಗ್ನ್‌ಹೇಮರ್’ ಜನಪದ ಮ್ಯೂಸಿಯಂ ನೋಡಿ. 1627ರಲ್ಲಿ ಕಡಲ್ಗಳ್ಳರು ಇಲ್ಲಿಂದ 200ಕ್ಕೂ ಹೆಚ್ಚು ಜನರನ್ನು ಹೊತ್ತೊಯ್ದ ಕಥೆ ಅಲ್ಲಿದೆ. ಕೊನೆಗೆ, ಆ ರಾತ್ರಿ ಹುಟ್ಟಿದ ಎಲ್ಡ್‌ಫೆಲ್ ಬೆಟ್ಟ ಹತ್ತಿ.

ಹೋಗೋದು ಹೇಗೆ? ಲ್ಯಾಂಡೇಯಾಹಾಪ್ನ್‌ನಿಂದ ಫೆರ್ರಿಯಲ್ಲಿ ಸುಮಾರು 40 ನಿಮಿಷ. ಕಡಲು ಒರಟಾಗಿದ್ದರೆ ಬೇರೆ ಬಂದರಿನಿಂದ ಹೊರಡುತ್ತೆ, ಆಗ ಹೆಚ್ಚು ಹೊತ್ತು ಬೇಕು. ಹಾಗಾಗಿ ಅದೇ ದಿನ ಸಂಜೆಗೆ ವಿಮಾನ ಬುಕ್ ಮಾಡ್ಕೋಬೇಡಿ.

ಬೆಟ್ಟದ ಮೇಲಿಂದ ನೋಡಿದರೆ ಒಂದು ಕಡೆ ಊರು, ಇನ್ನೊಂದು ಕಡೆ ಕಪ್ಪು ಲಾವಾ. ಆ ಲಾವಾದ ಕೆಳಗೂ ಬೀದಿಗಳಿವೆ. ಮ್ಯೂಸಿಯಂ ನೋಡಿ ಹತ್ತಿದವರಿಗೆ ಅದು ಬರೀ ಬಂಡೆಯಾಗಿ ಕಾಣಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.