ಉದ್ಯಮವಿದ್ಯೆಯೂ ಕೊಳ್ಳೇಗಾಲದ ಸೀಮೆಯೂ

ಉದ್ಯಮಶೀಲತೆಯು ಪಾಠ ಹೇಳಿ ಬರಿಸತಕ್ಕ ವಿದ್ಯೆಯೇ ಎಂಬ ಚರ್ಚೆ ಹಳೆಯದು. 1947ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮೈಲ್ಸ್ ಮೇಸ್ ಎಂಬ ಪ್ರಾಧ್ಯಾಪಕರು, ಯುದ್ಧದಿಂದ ಹಿಂದಿರುಗಿದ ತರುಣರು ತುಂಬಿದ್ದ ತರಗತಿಗೆ ಹೊಸ ಉದ್ಯಮ ಹೂಡುವ ಬಗೆಯನ್ನು ಬೋಧಿಸಿದರು. 1964ರಲ್ಲಿ ಅದೇ ವಿಶ್ವವಿದ್ಯಾನಿಲಯದ ಮ್ಯಾಕ್ಲೆಲೆಂಡರು ಕಾಕಿನಾಡದ ವರ್ತಕರನ್ನು ಹೈದರಾಬಾದಿಗೆ ಬರಮಾಡಿಕೊಂಡು ತರಬೇತು ಕೊಡಿಸಿದರು. ತರಬೇತು ಹೊಂದಿದವರು ಉಳಿದವರಿಗಿಂತ ವ್ಯವಹಾರದಲ್ಲಿ ಚುರುಕಾದರೆಂದು 1969ರ ಗ್ರಂಥದಲ್ಲಿ ವರದಿ ಮಾಡಿದರು. ಇಂದು ಬೆಂಗಳೂರಿನ ಐ.ಐ.ಎಂ.ನಲ್ಲಿ ಎನ್. ಎಸ್. ರಾಘವನ್ನರ ಹೆಸರಿನ ಕೇಂದ್ರವೊಂದು ಇದಕ್ಕಾಗಿಯೇ ಇದೆ. ಆದುದರಿಂದ ಕಲಿಸಬಹುದೆಂಬುದನ್ನು ನಾವು ಒಪ್ಪಿಕೊಳ್ಳುತ್ತೇವೆ. ಯಾರ ಉದ್ಯಮವನ್ನು ನೋಡಿ ಕಲಿಸಬೇಕೆಂಬಲ್ಲಿ ಮಾತ್ರ ನಮ್ಮ ತಕರಾರು.

1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲವು ಮೈಸೂರಿಗೆ ಸುಮಾರು 60 ಕಿಲೋಮೀಟರು ದೂರ. ಅಲ್ಲಿಯ ರೇಷ್ಮೆಯ ಕಸುಬನ್ನೇ ತೆಗೆದುಕೊಳ್ಳೋಣ. ಹನೂರಿನ ಕಡೆಯ ರೈತನು ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಗೂಡನ್ನು ಹರಾಜಿಗೆ ತರುತ್ತಾನೆ. ಗೂಡು ಕಾಯುವ ಸರಕಲ್ಲ. ಕೆಲವೇ ದಿನಗಳಲ್ಲಿ ಒಳಗಿನ ಚಿಟ್ಟೆ ಕೊರೆದು ಹೊರಬಂದರೆ ಎಳೆ ತುಂಡಾಗಿ ಹೋಗುತ್ತದೆ. ಹೀಗಾಗಿ ರೈತನು ಅಂದಿನ ಬೆಲೆಗೆ ಕೊಡಲೇಬೇಕು, ನೂಲು ಬಿಚ್ಚುವವನು ಹಣ ತೆತ್ತು ಕೊಳ್ಳಲೇಬೇಕು. ನೂಲು ಮಾರಿ ಹಣ ಕೈಸೇರುವುದರೊಳಗಾಗಿ ಪೇಟೆ ಇಳಿದರೆ ನಷ್ಟವೆಲ್ಲ ಅವನದು. ಮುಂದೆ ಹುರಿ, ಬಣ್ಣ, ಜರಿ. ಕೊನೆಗೆ ಧಣಿಯಿಂದ ಹಾಸು ಹೊಕ್ಕು ಪಡೆದು, ಸೀರೆ ನೇಯ್ದು, ಕೂಲಿ ಎಣಿಸಿಕೊಳ್ಳುವ ನೇಕಾರ. ಬಂಡವಾಳ ಎಲ್ಲಿ ಸಿಕ್ಕಿಬೀಳುತ್ತದೆ, ಅಪಾಯ ಯಾರ ತಲೆಯ ಮೇಲೆ, ಲಾಭ ಯಾರ ಪೆಟ್ಟಿಗೆಗೆ ಎಂಬುದನ್ನು ತಿಳಿಯಬಯಸುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಠ್ಯ ಬೇಕೆ? ಆ ಮಗ್ಗದವನಿಗೆ ಧೈರ್ಯ ಸಾಲದೆಂದು ಉಪನ್ಯಾಸ ಮಾಡುವವರು ಒಂದು ತಿಂಗಳು ಅವನ ಲೆಕ್ಕ ಬರೆದು ನೋಡಲಿ.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಇಂಥ ಸಂಶೋಧನೆಯೊಂದು ನಡೆದೂ ಇದೆ. ಸೋಲಿಗರು ಆಯ್ದು ತರುವ ಜೇನು, ನೆಲ್ಲಿಕಾಯಿ, ಸೀಗೆಗಳನ್ನು ಕಂತ್ರಾಟುದಾರರ ಹಿಡಿತದಿಂದ ಬಿಡಿಸಿ ಕೊಳ್ಳುವುದಕ್ಕೆ ಲ್ಯಾಂಪ್ಸ್ ಎಂಬ ಸಹಕಾರ ಸಂಘಗಳು ಏರ್ಪಟ್ಟಿದ್ದವು. 1990ರ ದಶಕದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಏಟ್ರೀ ಮೊದಲಾದ ಸಂಸ್ಥೆಗಳವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಜೇನನ್ನು ಶುದ್ಧಿಮಾಡಿ ಸೀಸೆಗೆ ತುಂಬುವ, ನೆಲ್ಲಿಕಾಯಿಯನ್ನು ಉಪ್ಪಿನಕಾಯಿ ಮಾಡುವ ಕೆಲಸವನ್ನು ಸೋಲಿಗರಿಗೇ ವಹಿಸಿ, ಉದ್ಯಮದ ಲಾಭ ತಮ್ಮದಾದರೆ ಜನರು ಕಾಡನ್ನು ಕಾಪಾಡಿಕೊಳ್ಳುವರೇ ಎಂಬುದನ್ನು ಪರೀಕ್ಷಿಸಿದರು. ಎಷ್ಟು ಕಾಯಿ ಕೊಯ್ದರೆ ಮರಕ್ಕೆ ಹಾನಿಯಿಲ್ಲವೆಂದು ಸೋಲಿಗರೂ ವಿಜ್ಞಾನಿಗಳೂ ಕೂಡಿ ಅಂದಾಜು ಮಾಡಿದ್ದುಂಟು. ಅಷ್ಟರಲ್ಲಿ ವನ್ಯಜೀವಿ ಕಾಯಿದೆಗೆ 2002ರಲ್ಲಿ ತಿದ್ದುಪಡಿಯಾಗಿ, ಅಭಯಾರಣ್ಯದಿಂದ ಮಾರಾಟಕ್ಕಾಗಿ ಏನನ್ನೂ ತರಕೂಡದೆಂದಾಯಿತು. ಜೇನು ಮರದಲ್ಲಿತ್ತು, ಹತ್ತುವವನ ಕೈಯಲ್ಲಿ ಶಕ್ತಿಯಿತ್ತು, ಕೊಳ್ಳುವವರೂ ಇದ್ದರು. ಉದ್ಯಮ ಮಾತ್ರ ನಿಂತುಹೋಯಿತು. 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ ಸಮುದಾಯದ ಹಕ್ಕುಪತ್ರಗಳು ಸೋಲಿಗರ ಕೈಗೆ ಬಂದುದು 2011ರಲ್ಲಿ.

ಸ್ಪರ್ಧೆ, ಬೆಲೆ, ಜಾಹೀರಾತುಗಳ ಪಾಠದಲ್ಲಿ ಈ ಪ್ರಸಂಗಕ್ಕೆ ಸ್ಥಳವೆಲ್ಲಿ? ಒಂದು ಕಾಯಿದೆಯ ಸಾಲು ಇಡೀ ಬೆಟ್ಟದ ವ್ಯಾಪಾರವನ್ನು ಮುಚ್ಚಬಲ್ಲದು, ಇನ್ನೊಂದು ತೆರೆಯಬಲ್ಲದು ಎಂಬುದನ್ನು ಅರಿಯದ ಪದವೀಧರನು ನಾಳೆ ಅಧಿಕಾರಿಯಾಗಿ ಯಳಂದೂರಿಗೆ ಬಂದರೆ ಏನು ಮಾಡಿಯಾನು? ಸೋಲಿಗರಿಗೆ ವ್ಯಾಪಾರಬುದ್ಧಿ ಸಾಲದೆಂದು ಕಡತದಲ್ಲಿ ಬರೆದಾನು.

1916ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯವು ಈ ಸೀಮೆಗೆ ದೂರದ್ದಲ್ಲ. ಅದರ ಬಹದ್ದೂರ್ ಸಂಸ್ಥೆಯ ಅಧ್ಯಾಪಕರಲ್ಲಿ ನಮ್ಮ ಅರಿಕೆ ಇಷ್ಟೇ: ಪ್ರತಿ ವರ್ಷವೂ ಕೆಲವರು ವಿದ್ಯಾರ್ಥಿಗಳನ್ನು ಗೂಡಿನ ಮಾರುಕಟ್ಟೆಗೂ ಲ್ಯಾಂಪ್ಸ್ ಕಚೇರಿಗೂ ಒಂದು ಹಂಗಾಮಿನ ಮಟ್ಟಿಗೆ ಕಳುಹಿಸಲಿ. ಅವರು ಕಂಡ ಲೆಕ್ಕವನ್ನು ಕನ್ನಡದಲ್ಲಿ ಅಚ್ಚುಹಾಕಿಸಿ, ಮೊದಲ ಪ್ರತಿಗಳನ್ನು ನೇಕಾರರ ಸಂಘಕ್ಕೂ ಸೋಲಿಗರ ಗ್ರಾಮಸಭೆಗೂ ಮುಟ್ಟಿಸಲಿ.