ಮಾಗಡಿ ಕೆರೆಯ ಅತಿಥಿಗಳು

ರಜೆ ಬಂತೆಂದರೆ ಅನೇಕ ಕುಟುಂಬಗಳ ಕಾರು ಕಡಲ ತೀರದತ್ತ ಹೊರಡುತ್ತದೆ. ನಮ್ಮ ಹೊಂಬಳದ ಕಡೆಯವರು ಅಷ್ಟು ದೂರ ಹೋಗಬೇಕಿಲ್ಲ. ಗದಗದಿಂದ 26 ಕಿ.ಮೀ. ದೂರದ, ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ತಾಣವೆನಿಸಿತು.

ಫಜ್ರ್ ನಮಾಝ್ ಮುಗಿಸಿ, ಬುತ್ತಿ ಕಟ್ಟಿಕೊಂಡು ಹೊರಡಿ. ಕಾರನ್ನು ದೂರದಲ್ಲೇ ನಿಲ್ಲಿಸಿ, ಹಾರ್ನ್ ಹಾಕದೆ ಒಳಗಿನಿಂದಲೇ ನೋಡಿ. ನಡೆದು ಬರುವ ಮನುಷ್ಯನಿಗೆ ಬೆದರುವಷ್ಟು ಹಕ್ಕಿಗಳು ನಿಂತ ವಾಹನಕ್ಕೆ ಬೆದರುವುದಿಲ್ಲ.

ಈ ಹೆಬ್ಬಾತುಗಳು ಮೇಯಲು ಸುತ್ತಲ ಹೊಲಗಳಿಗಿಳಿಯುತ್ತವೆ. ರೈತನಿಗೆ ಅದು ನಷ್ಟವೇ. ಆದರೆ ಮುಸ್ಲಿಮನು ಬಿತ್ತಿದ್ದನ್ನು ಹಕ್ಕಿ ತಿಂದರೆ ಅದೂ ದಾನವೆಂದು ಪ್ರವಾದಿ(ಸ) ಕಲಿಸಿದ್ದಾರೆ. ಹಕ್ಕಿಗಳನ್ನು ಕಂಡು ಸುಬ್‌ಹಾನಲ್ಲಾಹ್ ಎನ್ನುವ ನಾವು, ಅವುಗಳ ಹೊಟ್ಟೆ ತುಂಬಿಸುವ ರೈತನಿಗಾಗಿಯೂ ದುಆ ಮಾಡೋಣ. ಮರಳುವಾಗ ಆತನಿಂದಲೇ ನಾಲ್ಕು ಸೇರು ಕಡಲೆ ಕೊಳ್ಳೋಣ.