ಕಡ್ಲಿ ಹುಳಿಯಿಂದ ಸೇಬಿನ ಸಿರ್ಕಾದವರೆಗೆ

ಕಡಲೆ ಗಿಡದ ಎಲೆ, ಕಾಂಡ, ಕಾಯಿಗಳ ಮೇಲೆ ನವಿರಾದ ರೋಮಗಳಿರುತ್ತವೆ. ಅವುಗಳ ತುದಿಯಿಂದ ಜಿನುಗುವ ರಸ ಕಡುಹುಳಿ. ಹಿಂಗಾರಿ ಹಂಗಾಮಿನಲ್ಲಿ ಕಡಲೆ ಹೊಲ ಹೊಕ್ಕವರ ಬರಿಗಾಲು ಚುರುಗುಡುವುದು ಇದರಿಂದಲೇ. ಉತ್ತರ ಕರ್ನಾಟಕದ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಈ ಹುಳಿಯನ್ನು ಬಟ್ಟೆಯಲ್ಲಿ ಹಿಡಿದು ಕೂಡಿಡುವ ರೂಢಿ ಬಹಳ ಹಿಂದಿನದು. ಚಳಿಗಾಲದಲ್ಲಿ ಗಿಡ ಹೂವಿಗೆ ಬರುವ ಹೊತ್ತಿಗೆ, ಸಂಜೆ ಬೆಳೆಯ ಮೇಲೆ ತೆಳ್ಳನೆಯ ಬಿಳಿ ಅರಿವೆ ಹಾಸುತ್ತಾರೆ. ರಾತ್ರಿಯ ಇಬ್ಬನಿಯಲ್ಲಿ ಗಿಡದ ಹುಳಿ ಕರಗಿ ಅರಿವೆಗೆ ಇಳಿಯುತ್ತದೆ. ಸೂರ್ಯ ಏರುವ ಮೊದಲೇ ಅದನ್ನು ಹಿಂಡಿ, ಸೋಸಿ, ಗಾಜಿನ ಬಾಟಲಿಗೆ ತುಂಬುತ್ತಾರೆ. ಕಡ್ಲಿ ಹುಳಿ ಎಂಬ ಈ ದ್ರವ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಹೊಟ್ಟೆನೋವು, ಅಜೀರ್ಣಕ್ಕೆ ಒಂದೆರಡು ಹನಿ ನೀರಿಗೆ ಬಿಟ್ಟು ಕುಡಿಯುವುದು ಮನೆಮದ್ದು. ಆಯುರ್ವೇದದ ಗ್ರಂಥಗಳಲ್ಲಿ ಇದಕ್ಕೆ ಚಣಕಾಮ್ಲ ಎಂಬ ಹೆಸರಿದೆ.

ಈ ಹುಳಿಯಲ್ಲಿ ಮುಖ್ಯವಾಗಿ ಇರುವುದು ಮ್ಯಾಲಿಕ್ ಆಮ್ಲ, ಅದರ ಜೊತೆಗೆ ಆಕ್ಸಾಲಿಕ್ ಆಮ್ಲ. ಮ್ಯಾಲಿಕ್ ಆಮ್ಲವನ್ನು ಮೊದಲು ಬೇರ್ಪಡಿಸಿದವನು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಶೀಲೆ. 1785ರಲ್ಲಿ ಅವನಿಗೆ ಅದು ಸಿಕ್ಕದ್ದು ಸೇಬಿನ ರಸದಲ್ಲಿ. ಹಸಿ ಸೇಬಿಗೆ ಹುಳಿ ಕೊಡುವ ವಸ್ತುವೇ ಕಡಲೆ ಎಲೆಯ ಮೇಲೂ ಇದೆ. ಗಿಡಕ್ಕೆ ಇದು ರಕ್ಷಣೆ. ಕಡಲೆಗೆ ಕಾಟ ಕೊಡುವ ಕಾಯಿಕೊರಕದ ಮರಿಹುಳುಗಳ ಬೆಳವಣಿಗೆಯನ್ನು ಎಲೆಯ ಆಕ್ಸಾಲಿಕ್ ಆಮ್ಲ ಕುಗ್ಗಿಸುತ್ತದೆ ಎಂಬುದನ್ನು, 1972ರಲ್ಲಿ ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಆರಂಭವಾದ ಇಕ್ರಿಸ್ಯಾಟ್ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ.

ಕಡ್ಲಿ ಹುಳಿ ಹುದುಗಿ ಆದದ್ದಲ್ಲ, ಗಿಡವೇ ಮಾಡಿಕೊಟ್ಟದ್ದು. ಈ ಭಾಗದ ಅಡುಗೆಯ ಇನ್ನೊಂದು ಹೆಸರಾಂತ ಹುಳಿ, ಪುಂಡಿಪಲ್ಯ ಎಂಬ ಹುಳಿ ಸೊಪ್ಪು, ಕೂಡ ಹಾಗೆಯೇ. ಹುದುಗಿನ ಹುಳಿಯ ದಾರಿ ಬೇರೆ. ಅಲ್ಲಿ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಆಮ್ಲವನ್ನು ಬಿಡುತ್ತವೆ. ಹಾಲಿನ ಸಕ್ಕರೆ ಲ್ಯಾಕ್ಟಿಕ್ ಆಮ್ಲವಾದಾಗ ಮೊಸರು. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಮದ್ಯವಾಗಿಸಿ, ಆ ಮದ್ಯವನ್ನು ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅಸಿಟಿಕ್ ಆಮ್ಲವಾಗಿಸಿದಾಗ ವಿನೆಗರ್. ಈ ಎರಡನೆಯ ಹಂತವೂ ಜೀವಿಗಳ ಕೆಲಸವೇ ಎಂದು 1860ರ ದಶಕದಲ್ಲಿ ವಾದಿಸಿ ತೋರಿಸಿದವನು ಫ್ರಾನ್ಸಿನ ಲೂಯಿ ಪಾಶ್ಚರ್. ಎಷ್ಟು ಹುಳಿಯಾಯಿತೋ ಅಷ್ಟು ಸಕ್ಕರೆ ಖರ್ಚಾಗಿದೆ ಎಂದೇ ಅರ್ಥ. ಸಕ್ಕರೆ, ಪಿಷ್ಟಗಳನ್ನು ಗ್ರಾಂ ಲೆಕ್ಕದಲ್ಲಿ ಅಳೆಯುವ ಆಹಾರಪದ್ಧತಿ ಊರೊಳಗೆ ಬಂದ ಮೇಲೆ ಈ ಹಳೆಯ ಸಂಗತಿಗೆ ಹೊಸ ಮಹತ್ವ ಬಂದಿದೆ.

ಈ ಹಳೆಯ ಹುಳಿಗಳೂ ಹೊಸ ಲೆಕ್ಕವೂ ಎದುರಾಗುವ ಊರುಗಳಲ್ಲಿ ಒಂದು, ಯಾದಗಿರಿ ತಾಲ್ಲೂಕಿನ ಹೋಬಳಿ ಕೇಂದ್ರ ಬಳಿಚಕ್ರ. ಸುತ್ತಲಿನ ಎರಿ ಮತ್ತು ಮಸಾರಿ (ಕೆಂಪು ಮಣ್ಣಿನ) ಹೊಲಗಳಲ್ಲಿ ಜೋಳ, ತೊಗರಿ, ಕಡಲೆ, ಶೇಂಗಾ, ಹತ್ತಿ ಬೆಳೆಯುತ್ತವೆ. 2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇದೆಲ್ಲ ಗುಲ್ಬರ್ಗಾ ಜಿಲ್ಲೆಯ ಭಾಗವಾಗಿತ್ತು. 1956ಕ್ಕೆ ಮೊದಲು ಹೈದರಾಬಾದ್ ರಾಜ್ಯದ ಭಾಗ. ಆ ನಂಟಿನಿಂದಾಗಿ ವಿನೆಗರ್ ಎಂಬ ಮಾತು ಬರುವ ಮುಂಚೆಯೇ ಉರ್ದು ಮಾತಾಡುವ ಮನೆಗಳಲ್ಲಿ ಸಿರ್ಕಾ ಪರಿಚಿತವಾಗಿತ್ತು. ಅದರಲ್ಲಿ ನೆನೆಸಿದ ಉಳ್ಳಾಗಡ್ಡಿ ಮಾಂಸದ ಊಟಕ್ಕೆ ಜೊತೆ. ಜೋಳದ ರೊಟ್ಟಿ ತಿನ್ನುವ ಮನೆಗಳ ಹುಳಿ ಮಾತ್ರ ಬಹುಪಾಲು ಮೂರು ಕಡೆಯಿಂದ ಬರುತ್ತಿತ್ತು: ಹೊಲದ ಸೊಪ್ಪು, ಹುಣಸೆ, ಮಜ್ಜಿಗೆ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಹಾಲು ಹಾಲಾಗಿ ಉಳಿಯುವುದು ಕೆಲವೇ ಗಂಟೆ. ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆದು, ಉಪ್ಪು ಬೆರೆಸಿದ ಮಜ್ಜಿಗೆಯಾಗಿಸಿದರೆ ಅದು ದಿನವಿಡೀ ಬಾಳುತ್ತದೆ. ಬೆವರಿನಲ್ಲಿ ಹೋದ ಉಪ್ಪು ನೀರನ್ನೂ ಮರಳಿಸುತ್ತದೆ. ಅಂಬಲಿಯೂ ಇದೇ ಬಿಸಿಲಿಗೆ ಹೊಂದುವಂಥದ್ದು. ಜೋಳದ ಹಿಟ್ಟನ್ನು ನೀರಿನಲ್ಲೋ ಮಜ್ಜಿಗೆಯಲ್ಲೋ ಕಲೆಸಿ ರಾತ್ರಿ ಹುಳಿಯಲು ಬಿಟ್ಟು, ಬೆಳಿಗ್ಗೆ ಕುದಿಸಿ, ಆರಿಸಿ, ಮತ್ತೆ ಮಜ್ಜಿಗೆ ಸೇರಿಸಿ ಕುಡಿಯುವ ಅಂಬಲಿ ಹೊಲಕ್ಕೆ ಹೋಗುವವರ ಬುತ್ತಿಯೂ ಹೌದು, ಹಬ್ಬದ ಪಾನೀಯವೂ ಹೌದು. ಎಳ್ಳ ಅಮಾವಾಸ್ಯೆಯ ದಿನ ಬೆಳೆಗೆ ಎಡೆಯಾಗಿ ಚರಗ ಚೆಲ್ಲಿದ ಮೇಲೆ ಹೊಲದಲ್ಲೇ ಕೂತು ಉಣ್ಣುವ ಊಟದಲ್ಲಿ ಸಜ್ಜೆ ರೊಟ್ಟಿ, ಭಜ್ಜಿ, ಪುಂಡಿಪಲ್ಯದ ಜೊತೆ ಅಂಬಲಿಗೂ ಜಾಗವಿದೆ. ಹುದುಗು ಪದಾರ್ಥಗಳ ಬಗ್ಗೆ ಇಂದು ಬರೆಯುವವರು ಜರ್ಮನಿಯ ಹುಳಿ ಎಲೆಕೋಸು, ಕೊರಿಯಾದ ಕಿಮ್ಚಿಗಳಿಗೆ ಕೊಡುವ ಗೌರವದಲ್ಲಿ ಸ್ವಲ್ಪವಾದರೂ ಅಂಬಲಿಗೆ ಸಲ್ಲಬೇಕು.

ಎಲ್ಲಕ್ಕಿಂತ ಸ್ವಾರಸ್ಯದ್ದು ರಂಜಕ. ಕೆಂಪಿಂಡಿ, ಕೆಂಪು ಖಾರ ಎಂದೂ ಕರೆಯುತ್ತಾರೆ. ಗಿಡದಲ್ಲೇ ಹಣ್ಣಾಗಿ ಕೆಂಪಾದ ಹಸಿ ಮೆಣಸಿನಕಾಯಿಯನ್ನು ಒಣಗಿಸುವ ಮುಂಚೆ ತೊಳೆದು, ನೀರು ಆರಿಸಿ, ತೊಟ್ಟು ತೆಗೆದು, ಉಪ್ಪು, ಬೆಳ್ಳುಳ್ಳಿ, ಮೆಂತ್ಯದೊಂದಿಗೆ ಒಳಕಲ್ಲಿನಲ್ಲಿ ರುಬ್ಬಿ ಭರಣಿಗೆ ತುಂಬುತ್ತಾರೆ. ಲಿಂಬೆರಸ ಅಥವಾ ಹುಣಸೆ ಸೇರಿಸುವವರಿದ್ದಾರೆ, ಬೆಲ್ಲ ಹಾಕುವವರೂ ಇದ್ದಾರೆ. ಮೊದಲ ಕೆಲವು ದಿನ ಮಿಶ್ರಣ ಸಣ್ಣಗೆ ಗುಳ್ಳೆ ಬಿಡುತ್ತದೆ, ಉಕ್ಕಿ ಬರುತ್ತದೆ. ಉಪ್ಪು ಕೊಳೆಸುವ ಜೀವಿಗಳನ್ನು ತಡೆದು ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಿಗೆ ದಾರಿ ಬಿಡುತ್ತದೆ. ಅವು ಮೆಣಸಿನಕಾಯಿಯಲ್ಲಿರುವ ಅಲ್ಪ ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಖಾರದ ಮೊನಚು ತಗ್ಗಿ ಒಂದು ದುಂಡನೆಯ ರುಚಿ ಬರುವುದು ಆಗಲೇ. ಒಗ್ಗರಣೆ ಕೊಟ್ಟು ರೊಟ್ಟಿಗೆ ಹಚ್ಚಿಕೊಂಡರೆ ಬೇರೆ ಪಲ್ಯದ ಅಗತ್ಯವೇ ಬೀಳದು. ವರ್ಷಕ್ಕೊಮ್ಮೆ ಮಾಡಿ ವರ್ಷವಿಡೀ ತಿನ್ನುವ ಈ ಖಾರ ಈ ಪ್ರದೇಶದ ಅಪ್ಪಟ ತರಕಾರಿ ಹುದುಗು.

ಇಂಥ ಊಟದ ನಡುವೆ ಸೇಬಿನ ವಿನೆಗರ್ ಬಂದು ಸೇರಿದ ಬಗೆ ಬೇರೆ. ಸೇಬು ಬೆಳೆಯುವ ದೇಶಗಳಲ್ಲಿ ಅದು ಅಡುಗೆಮನೆಯ ಸಾಮಾನು. ಮದ್ದಿನ ಪಟ್ಟ ಅದಕ್ಕೆ ದೊಡ್ಡದಾಗಿ ಬಂದದ್ದು 1958ರಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದ ವೈದ್ಯ ಡಿ.ಸಿ. ಜಾರ್ವಿಸ್ ತನ್ನ ಪುಸ್ತಕದಲ್ಲಿ ಸೇಬಿನ ವಿನೆಗರ್ ಮತ್ತು ಜೇನನ್ನು ನಾನಾ ತೊಂದರೆಗಳಿಗೆ ಸೂಚಿಸಿದ ಮೇಲೆ. ಭಾರತದಲ್ಲಿ 20ನೇ ಶತಮಾನದ ಆರಂಭದಲ್ಲಿ ಅಮೆರಿಕದಿಂದ ಬಂದು ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ ಹಿಮಾಚಲದ ಕೋಟಗಢದಲ್ಲಿ ಅಮೆರಿಕದ ಸೇಬಿನ ತಳಿಗಳನ್ನು ನೆಟ್ಟ ನಂತರ ತೋಟಗಳು ಹರಡಿದವು. ವಿನೆಗರ್ ಬಾಟಲಿಗಳು ದಕ್ಷಿಣದ ಸಣ್ಣ ಪಟ್ಟಣಗಳ ಔಷಧಿ ಅಂಗಡಿ ಮುಟ್ಟಿದ್ದು ತೀರಾ ಈಚೆಗೆ, ತೂಕ ಇಳಿಸುವ ಸಲಹೆಗಳು ಮೊಬೈಲಿನಲ್ಲಿ ಹರಿದಾಡತೊಡಗಿದ ಮೇಲೆ.

ಅದೇ ಅಲೆಯಲ್ಲಿ ಬಂದದ್ದು ಕೀಟೋ ಪಥ್ಯ. ಅದರ ಮೂಲದಲ್ಲಿ ತೂಕದ ಮಾತೇ ಇರಲಿಲ್ಲ. ಉಪವಾಸದಿಂದ ಮೂರ್ಛೆರೋಗದ (ಅಪಸ್ಮಾರದ) ಸೆಳವು ಕಡಿಮೆಯಾಗುವುದನ್ನು ವೈದ್ಯರು ಗಮನಿಸಿದ್ದರು. ಉಪವಾಸದಲ್ಲಿ ದೇಹ ಕೊಬ್ಬನ್ನು ಕರಗಿಸಿ ಕೀಟೋನ್‌ಗಳನ್ನು ಮಾಡಿಕೊಳ್ಳುತ್ತದೆ. ಊಟ ಬಿಡದೆಯೇ ಅದೇ ಸ್ಥಿತಿಯನ್ನು ತರಲು 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಕೊಬ್ಬು ಹೆಚ್ಚು, ಪಿಷ್ಟ ತೀರಾ ಕಡಿಮೆ ಇರುವ ಊಟವನ್ನು ಸೂಚಿಸಿದರು. ಮಕ್ಕಳ ಅಪಸ್ಮಾರಕ್ಕೆ ಅದು ಫಲ ಕೊಟ್ಟಿತು. 1938ರ ಹೊತ್ತಿಗೆ ಫೆನಿಟೋಯಿನ್ ಔಷಧಿ ಬಂದ ಬಳಿಕ ಪಥ್ಯ ಹಿಂದೆ ಸರಿಯಿತು. 1972ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಅಟ್ಕಿನ್ಸ್‌ರ ಪುಸ್ತಕ ತೂಕ ಇಳಿಸಲು ಕಡಿಮೆ ಪಿಷ್ಟದ ಊಟವನ್ನು ಜನಪ್ರಿಯಗೊಳಿಸಿತು. 1990ರ ದಶಕದಲ್ಲಿ ಅಪಸ್ಮಾರದ ಚಿಕಿತ್ಸೆಯಾಗಿ ಕೀಟೋ ಮರಳಿ ಬಂತು. ಇಂದು ತೂಕಕ್ಕಾಗಿ ಇದನ್ನು ಹಿಡಿದವರು ದಿನಕ್ಕೆ 20ರಿಂದ 50 ಗ್ರಾಂ ಪಿಷ್ಟ, ಸಕ್ಕರೆಯೊಳಗೆ ಇರಬೇಕು ಎಂಬುದು ಸಾಮಾನ್ಯ ಲೆಕ್ಕ.

ಬಳಿಚಕ್ರದ ತಾಟಿಗೆ ಈ ಲೆಕ್ಕ ಹಿಡಿದರೆ ಕಷ್ಟ ತಿಳಿಯುತ್ತದೆ. 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಕಾರ್ಬೋಹೈಡ್ರೇಟ್ ಇದೆ. 50–60 ಗ್ರಾಂ ಹಿಟ್ಟಿನ ಒಂದೇ ರೊಟ್ಟಿಯಲ್ಲಿ 35ರಿಂದ 40 ಗ್ರಾಂ ಆಯಿತು. ಒಂದು ರೊಟ್ಟಿಯಲ್ಲೇ ದಿನದ ಪಾಲು ಬಹುತೇಕ ಮುಗಿಯುತ್ತದೆ. ಅಂಬಲಿ ಹುಳಿದಿದೆ, ಆದ್ದರಿಂದ ನಡೆಯುತ್ತದೆ ಎಂದು ನಂಬುವವರಿದ್ದಾರೆ, ಅದು ತಪ್ಪು. ಒಂದು ರಾತ್ರಿಯ ಹುದುಗಿನಲ್ಲಿ ಬ್ಯಾಕ್ಟೀರಿಯಾ ತಿನ್ನುವುದು ಹಿಟ್ಟಿನ ಸ್ವಲ್ಪ ಭಾಗವನ್ನು ಮಾತ್ರ, ಪಿಷ್ಟ ಬಹುತೇಕ ಹಾಗೇ ಉಳಿಯುತ್ತದೆ. ಇಡ್ಲಿ, ದೋಸೆಗೂ ಇದೇ ಮಾತು. ಮೊಸರಿನ ಪರಿಸ್ಥಿತಿ ಮೇಲು: ಸಕ್ಕರೆ ಹಾಕದ 100 ಗ್ರಾಂ ಮೊಸರಿನಲ್ಲಿ ಉಳಿಯುವುದು ಹೆಚ್ಚುಕಡಿಮೆ 3ರಿಂದ 5 ಗ್ರಾಂ, ನೀರು ಬೆರೆಸಿದ ಮಜ್ಜಿಗೆಯಲ್ಲಿ ಇನ್ನೂ ಕಡಿಮೆ. ಬೆಲ್ಲವಿಲ್ಲದ ರಂಜಕ, ಪುಂಡಿಪಲ್ಯ ಸಲೀಸಾಗಿ ಹೊಂದುತ್ತವೆ. ಅಗಸಿ, ಗುರೆಳ್ಳು ಹಿಂಡಿಗಳೂ ಅಳತೆಯಲ್ಲಿ ಹೊಂದುತ್ತವೆ, ಏಕೆಂದರೆ ಅವು ಎಣ್ಣೆಕಾಳುಗಳು. ಕೀಟೋ ಹಿಡಿದವರಲ್ಲಿ ಮೊದಲ ವಾರಗಳಲ್ಲಿ ದೇಹದಿಂದ ನೀರು, ಉಪ್ಪು ಹೆಚ್ಚು ಹೊರಹೋಗಿ ತಲೆನೋವು, ಸುಸ್ತು ಬರಬಹುದು. ಉಪ್ಪು ಹಾಕಿದ ಮಜ್ಜಿಗೆ ಆಗ ನಿಜವಾಗಿ ನೆರವಾಗುತ್ತದೆ. ಧಾನ್ಯ ಬಿಟ್ಟವರ ಕರುಳಿಗೆ ನಾರು ಕಡಿಮೆ ಬೀಳುವುದರಿಂದ ಹುದುಗಿಗೆ ಇನ್ನೊಂದು ಬಗೆಯ ಬೆಲೆಯೂ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 2021ರ ಅಧ್ಯಯನದಲ್ಲಿ, ಹತ್ತು ವಾರ ಹುದುಗು ಪದಾರ್ಥಗಳನ್ನು ಹೆಚ್ಚು ತಿಂದವರಲ್ಲಿ ಕರುಳಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿ, ಉರಿಯೂತದ ಕೆಲವು ಸೂಚಕಗಳು ಇಳಿದವು. ಅದು 36 ಜನರ ಸಣ್ಣ ಅಧ್ಯಯನ, ಆ ಜನ ಕೀಟೋ ಪಥ್ಯದವರೂ ಅಲ್ಲ.

ಸೇಬಿನ ವಿನೆಗರ್ ಕೀಟೋ ಲೆಕ್ಕವನ್ನು ಕೆಡಿಸುವುದಿಲ್ಲ. ಒಂದು ದೊಡ್ಡ ಚಮಚದಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದರಿಂದ ಸಿಗುವ ಲಾಭ ಯಾವುದು ಎಂದು ನೋಡಿದರೆ ಜಾಹೀರಾತುಗಳು ಹೇಳದ ಸಂಗತಿ ಎದುರಾಗುತ್ತದೆ. 2004ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಕ್ಯಾರಲ್ ಜಾನ್‌ಸ್ಟನ್ ಮತ್ತು ಸಂಗಡಿಗರು 20 ಗ್ರಾಂ ಸೇಬಿನ ವಿನೆಗರನ್ನು ನೀರಿನಲ್ಲಿ ಬೆರೆಸಿ ಊಟಕ್ಕೆ ಮುಂಚೆ ಕೊಟ್ಟಾಗ, ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದವರಲ್ಲಿ ಸ್ಪಂದನೆ ಸುಧಾರಿಸಿತು. ಆ ಊಟದಲ್ಲಿ ಮುಖ್ಯವಾಗಿ ಇದ್ದದ್ದು ಬ್ರೆಡ್ಡು, ಕಿತ್ತಳೆ ರಸ, ಅಂದರೆ ಪಿಷ್ಟ, ಸಕ್ಕರೆಗಳೇ. ವಿನೆಗರ್‌ನ ಈ ಗುಣ ಕಾಣುವುದು ಪಿಷ್ಟದ ಊಟದ ಜೊತೆ. ಪಿಷ್ಟವನ್ನೇ ಬಿಟ್ಟ ಕೀಟೋ ತಾಟಿನಲ್ಲಿ ಅದಕ್ಕೆ ಮಾಡಲು ಹೆಚ್ಚು ಕೆಲಸವಿಲ್ಲ. ರೊಟ್ಟಿಯ ಜೊತೆ ಹುಳಿ ಪಲ್ಯ, ಮಜ್ಜಿಗೆ ಇಟ್ಟ ಊಟದ ಕ್ರಮಕ್ಕೆ ಆ ಪ್ರಯೋಗ ಹತ್ತಿರದ್ದು, ಕೀಟೋಗೆ ದೂರದ್ದು. ತೂಕದ ವಿಷಯದಲ್ಲಿ 2009ರ ಜಪಾನಿನ ಅಧ್ಯಯನವೊಂದು 12 ವಾರ ದಿನಕ್ಕೆ 15ರಿಂದ 30 ಮಿಲಿ ವಿನೆಗರ್ ಕುಡಿದವರಲ್ಲಿ ಒಂದರಿಂದ ಎರಡು ಕಿಲೋ ಇಳಿಕೆಯನ್ನಷ್ಟೇ ಕಂಡಿತು. ಲೆಬನಾನ್‌ನ ಯುವಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ, ಬಹಳ ದೊಡ್ಡ ಇಳಿಕೆ ತೋರಿಸಿದ ಅಧ್ಯಯನವನ್ನು ಅಂಕಿಅಂಶಗಳ ದೋಷಗಳಿಂದಾಗಿ 2025ರಲ್ಲಿ ಪತ್ರಿಕೆಯೇ ಹಿಂತೆಗೆದುಕೊಂಡಿತು.

ಬಳಸುವವರು ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. ವಿನೆಗರನ್ನು ನೀರು ಬೆರೆಸದೆ ಕುಡಿದರೆ ಹಲ್ಲಿನ ಮೇಲ್ಪದರ ಸವೆಯುತ್ತದೆ, ಗಂಟಲು ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಜಠರದ ಚಲನೆ ನಿಧಾನವಾದವರಿಗೆ ತೊಂದರೆ ಹೆಚ್ಚುತ್ತದೆ. ಕಡ್ಲಿ ಹುಳಿಯ ಆಕ್ಸಾಲಿಕ್ ಆಮ್ಲ ಮೂತ್ರಪಿಂಡದ ಕಲ್ಲಿರುವವರಿಗೆ ಒಳ್ಳೆಯದಲ್ಲ. ಕಾಯಿಕೊರಕಕ್ಕೆ ಕೀಟನಾಶಕ ಸಿಂಪಡಿಸಿದ ಹೊಲದಲ್ಲಿ ಅರಿವೆ ಹಾಸಿದರೆ ಇಬ್ಬನಿಯಲ್ಲಿ ವಿಷವೂ ಇಳಿಯುತ್ತದೆ, ಆದ್ದರಿಂದ ಸಿಂಪಡಣೆಯಿಲ್ಲದ ಹೊಲದ ಹುಳಿ ಮಾತ್ರ ಬಳಕೆಗೆ ಯೋಗ್ಯ. ರಂಜಕದಲ್ಲಿ ಉಪ್ಪು ಜಾಸ್ತಿ, ರಕ್ತದೊತ್ತಡದವರು ಅಳತೆ ಮೀರಬಾರದು. ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಿಗೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಬಗೆಯ ಮಾತ್ರೆ ತೆಗೆದುಕೊಳ್ಳುತ್ತಲೇ ರೊಟ್ಟಿ, ಅನ್ನ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಕೀಟೋ ಹಿಡಿದರೆ, ಸಕ್ಕರೆಯ ಮಟ್ಟ ಹೆಚ್ಚಾಗಿ ಕಾಣದೆಯೇ ರಕ್ತ ಆಮ್ಲೀಯವಾಗಿ ಜೀವಕ್ಕೆ ಕುತ್ತು ಬರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಅದರ ಲಕ್ಷಣಗಳು. ಈ ಯಾವುದೇ ಔಷಧಿ ತೆಗೆದುಕೊಳ್ಳುವವರು ಊಟ ಬದಲಿಸುವ ಮುಂಚೆಯೇ ವೈದ್ಯರನ್ನು ಕಂಡು ಔಷಧಿಯ ಪ್ರಮಾಣವನ್ನು ಸರಿಪಡಿಸಿಕೊಳ್ಳಬೇಕು.